ಎಡದ ವಾರ, ಬಲದ ವಾರ

ಬ್ರೆಡ್ಡಮ್ಮ ಸೈಕಲ್ ಸಮೇತ ಜಕ್ಕೂರು ಕೆರೆ ಏರಿಯಿಂದ ಉರುಳಿದಾಗ ನನಗೆ ಐವತ್ತೆಂಟು. ಹದಿನಾಲ್ಕು ವರ್ಷದ ಹಿಂದಿನ ಮಾತು. ಅವರಿಗೆ ಆಗ ಎಪ್ಪತ್ತಾರೋ ಎಪ್ಪತ್ತೇಳೋ. ಆ ವಯಸ್ಸಿಗೆ ನಮ್ಮ ಕಡೆ ಹೆಂಗಸರು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ. ಇವರು ಬುಟ್ಟಿ ತುಂಬ ಬ್ರೆಡ್ಡು ಹೇರಿಕೊಂಡು ಏರಿಯ ಮೇಲೆ ಸೈಕಲ್ ತುಳಿಯುತ್ತಿದ್ದರು. ಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಅಷ್ಟು ವರ್ಷ ಬೀಳದೆ ಇದ್ದದ್ದೇ ಆಶ್ಚರ್ಯ.

ಹೋದ ತಿಂಗಳು ಅವರು ತೀರಿಹೋದರು ಅಂತ ಸುದ್ದಿ ಬಂತು. ಇಟಲಿಯಲ್ಲಿ, ವಯಸ್ಸಾದ ಚರ್ಚ್ ಸಿಸ್ಟರ್‌ಗಳನ್ನು ನೋಡಿಕೊಳ್ಳುವ ಮನೆಯಲ್ಲಿ. ನಾನು ಅಳಲಿಲ್ಲ. ತೊಂಬತ್ತು ಮುಟ್ಟಿದವರು ಸತ್ತರೆ ಅಳುವುದೇನಿದೆ? ಆದರೆ ಅವತ್ತಿಂದ ಬೆಳಿಗ್ಗೆ ಎದ್ದು ಕೂತರೆ, ಇದು ಎಡದ ವಾರವೋ ಬಲದ ವಾರವೋ ಅಂತ ತಲೆ ತಾನೇ ಕೇಳುತ್ತದೆ. ಬರೆದು ಮುಗಿಸಿದರೆ ಸುಮ್ಮನಾಗಬಹುದು ಅಂತ ಬರೆಯುತ್ತಿದ್ದೇನೆ.

ಅಮೃತಹಳ್ಳಿಯ ಹಳೇ ಊರು ಮುಗಿದು ರಸ್ತೆ ಕೆರೆ ಕಡೆಗೆ ಇಳಿಯುವ ಕಡೆ ಸಿಸ್ಟರ್‌ಗಳ ಮನೆ ಇತ್ತು. ಹೆಂಚಿನ ಮನೆ, ಹಿಂದೆ ದೊಡ್ಡ ಅಡುಗೆಮನೆ, ಅಂಗಳದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಗೂಡಿನಂಥ ಒಲೆ. ನಮ್ಮ ಜಮೀನು ಲೇಔಟ್ ಆದ ಮೇಲೆ ಮಕ್ಕಳು ಹಸು ಮಾರಿದರು. ಹಸು ಹೋದ ಮೇಲೆ ನನಗೆ ಮನೆಯಲ್ಲಿ ಕೆಲಸ ಇರಲಿಲ್ಲ. ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಸೊಸೆ ಟೀವಿ ಹಾಕಿಕೊಟ್ಟು ಆರಾಮಾಗಿ ಕೂತ್ಕೊಳ್ಳಿ ಅತ್ತೆ ಅಂದಳು. ಒಂದು ವಾರ ಕೂತೆ. ಎರಡನೇ ವಾರ ಸಿಸ್ಟರ್‌ಗಳ ಮನೆಗೆ ಹೋಗಿ, ಒಲೆ ಮುಂದಿನ ಕೆಲಸ ಇದ್ದರೆ ಕೊಡಿ ಅಂದೆ.

ಅಡುಗೆಮನೆಯಿಂದ ಒಬ್ಬರು ಬಿಳಿ ಹೆಂಗಸು ಬಂದರು. ಕುಳ್ಳಗೆ, ಗಟ್ಟಿಯಾಗಿ, ರಾಗಿ ಚೀಲ ಇಳಿಸಿದ ಹಾಗಿದ್ದರು. ಮೊಣಕೈವರೆಗೂ ಹಿಟ್ಟು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಸೌದೆ ಒಡೀತೀಯಾ?"

"ಒಡೀತೀನಿ."

"ಬೆಳಿಗ್ಗೆ ನಾಕಕ್ಕೆ ಬತ್ತೀಯಾ?"

"ಅಸು ಸಾಕ್ದೋಳು ನಾನು. ಆ ವೊತ್ಗೆ ನೀವೇ ಎದ್ದಿರ್ತೀರಾ ಅಂತ ನಾನು ಕೇಳ್ಬೇಕು."

ಅವರು ನಕ್ಕರು. ಬಾಯಲ್ಲಿ ಎದುರಿನ ಒಂದು ಹಲ್ಲು ಇರಲಿಲ್ಲ. "ಅಂಗಾದ್ರೆ ನಾಳೆಯಿಂದ್ಲೇ ಬಾರವ್ವ" ಅಂದರು. ಸಂದರ್ಶನ ಮುಗಿಯಿತು.

ಅವರ ಹೆಸರು ಉದ್ದ. ನನ್ನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಊರಿಗೆಲ್ಲ ಅವರು ಬ್ರೆಡ್ಡಮ್ಮ. ನಮ್ಮ ಕಡೆಗೆ ಬಂದು ನಲವತ್ತು ವರ್ಷದ ಮೇಲಾಗಿತ್ತು. ಕನ್ನಡ ಕಲಿತದ್ದು ಪುಸ್ತಕದಿಂದಲ್ಲ, ನಮ್ಮಂಥವರ ಬಾಯಿಂದ. ಅದಕ್ಕೇ ಅವರ ಮಾತು ಥೇಟ್ ಕೆರೆ ಕೆಳಗಿನ ಮಾತು. ಹೊಸ ಲೇಔಟಿನ ಜನ ಅವರ ಹತ್ತಿರ ಇಂಗ್ಲಿಷಿನಲ್ಲಿ ಶುರು ಮಾಡಿದರೆ, "ಏನಪ್ಪಾ, ಕನ್ನಡ ಬರಾಕಿಲ್ವಾ?" ಅನ್ನುತ್ತಿದ್ದರು. ಆ ಜನ ಬೆಚ್ಚಿಬೀಳುವುದನ್ನು ನೋಡುವುದು ನನಗೆ ಟೀವಿಗಿಂತ ಚೆನ್ನಾಗಿತ್ತು.

ಅವರು ದೇವತೆ ಅಂತ ಯಾರಾದರೂ ಬರೆದರೆ ನಂಬಬೇಡಿ. ಮುಂಗೋಪಿ. ಹಿಟ್ಟು ಸರಿಯಾಗಿ ಹುದುಗದಿದ್ದರೆ ಹಿಟ್ಟಿನ ಮೇಲೇ ಕೂಗಾಡುತ್ತಿದ್ದರು. ಚೌಕಾಬಾರ ಆಡಲು ಕೂತರೆ ಮೋಸ ಮಾಡುತ್ತಿದ್ದರು, ಕಾಯಿ ಸರಿಸಿ ಮೇಲೆ ನೋಡುತ್ತಿದ್ದರು. ಮುದ್ದೆಯನ್ನು ನುಂಗುವುದು ಕೊನೆಗೂ ಬರಲಿಲ್ಲ, ನಲವತ್ತು ವರ್ಷ ಅಗಿದರು. ಬ್ರೆಡ್ಡಿನ ವಿಷಯಕ್ಕೆ ಬಂದರೆ, ನನಗೆ ಆ ಬ್ರೆಡ್ಡು ಹಿಡಿಸುತ್ತಿರಲಿಲ್ಲ. ಮೇಲೆ ಚಕ್ಕೆಯ ಹಾಗೆ ಗಟ್ಟಿ, ಒಳಗೆ ಹುಳಿ. ಅಂಗಡಿಯ ಬ್ರೆಡ್ಡು ಇದಕ್ಕಿಂತ ಮೆತ್ತಗಿರುತ್ತದೆ ಅಂತ ಒಂದು ಸಲ ಹೇಳಿದೆ. ಎರಡು ದಿನ ಮಾತಾಡಲಿಲ್ಲ.

ಆ ಬ್ರೆಡ್ಡು ಯಾರಿಗೆ ಅಂದರೆ, ಹಾಸಿಗೆ ಹಿಡಿದವರಿಗೆ, ಕಣ್ಣು ಹೋದವರಿಗೆ, ಮಾಡಿ ಹಾಕುವವರಿಲ್ಲದ ಮುದುಕ ಮುದುಕಿಯರಿಗೆ. ಅಮೃತಹಳ್ಳಿಯಿಂದ ಜಕ್ಕೂರು, ಕೆರೆ ಏರಿ ಹತ್ತಿ ಆಚೆ ಸಂಪಿಗೇಹಳ್ಳಿ, ಅಲ್ಲಿಂದ ಇಳಿದು ಕೋಡಿಯ ಹತ್ತಿರದ ಕಾಲೋನಿ, ಮತ್ತೆ ಸಿಸ್ಟರ್‌ಗಳ ಮನೆ. ಒಂದು ಸುತ್ತು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಸೈಕಲ್ ಮೇಲೆ ಈ ಸುತ್ತು. ಗೇಟಿನಿಂದ ಹೊರಬಿದ್ದರೆ ಎಡಕ್ಕೆ ಊರು, ಬಲಕ್ಕೆ ಕಾಲೋನಿ. ಒಂದು ವಾರ ಎಡದಿಂದ ಹೊರಡುತ್ತಿದ್ದರು, ಮುಂದಿನ ವಾರ ಬಲದಿಂದ. ಎಡದ ವಾರ ಊರಿಗೆ ಬಿಸಿ ಬ್ರೆಡ್ಡು, ಕಾಲೋನಿಗೆ ತಣ್ಣಗಿನದು. ಬಲದ ವಾರ ತಿರುಗುಮುರುಗು. ಮರೆಯಬಾರದು ಅಂತ ಪ್ರತಿ ಭಾನುವಾರ ಸಂಜೆ ಸೈಕಲ್ಲನ್ನು ಗೇಟಿನ ಒಳಗೆ ನಿಲ್ಲಿಸಿ, ಮುಂದಿನ ಚಕ್ರವನ್ನು ಬರುವ ವಾರದ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದರು. ಅದೇ ಅವರ ಕ್ಯಾಲೆಂಡರ್.

ನಾನು ಕೇಳಿದೆ, "ಯಾಕಮ್ಮ ಈ ತಾಪತ್ರಯ? ದಿನಾ ಎಡಕ್ಕೇ ಓದ್ರೆ ಇಳಿಜಾರು ಕೊನೇಲಿ ಸಿಗುತ್ತೆ. ಬಲಕ್ಕೆ ಓದ್ರೆ ತುಂಬಿದ ಬುಟ್ಟಿ ಇಟ್ಕೊಂಡು ದಿಣ್ಣೆ ಅತ್ಬೇಕು."

ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ನಾದುತ್ತಲೇ ತಮ್ಮ ಅಪ್ಪನ ಕಥೆ ಹೇಳಿದರು.

ಅವರ ಊರು ಬೆಟ್ಟದ ಮೇಲೆ. ಒಂದಲ್ಲ, ಏಳು ಊರು, ಬಾಣಲೆಯ ಅಂಚಿನ ಮೇಲೆ ಸಾಲಾಗಿ ಇಟ್ಟ ಹಾಗೆ. ನಡುವೆ ಕಣಿವೆ. ಎಲ್ಲ ಕಲ್ಲಿನ ಊರುಗಳು, ನಮ್ಮ ಕೆಂಪೇಗೌಡರ ಕಾಲಕ್ಕಿಂತ ಹಳೆಯವು ಅಂದರು. ಅವರಪ್ಪ ಬ್ರೆಡ್ಡು ಸುಡುವವನು. ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡು ಬುಟ್ಟಿ ಕಟ್ಟಿ ಏಳೂರಿಗೂ ಹಂಚಿಕೊಂಡು ಸುತ್ತು ಹಾಕಿ ಮನೆಗೆ ಬರುತ್ತಿದ್ದ. ಇವರು ಹುಡುಗಿ, ಹಿಂದಿನಿಂದ ತಳ್ಳುವ ಕೆಲಸ. ಮೊದಲೆಲ್ಲ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದನಂತೆ. ಏಳನೇ ಊರಿನವರು ವರ್ಷಗಟ್ಟಲೆ ತಣ್ಣಗಿನ ಬ್ರೆಡ್ಡು ತಿಂದು ತಿಂದು, ಒಂದು ದಿನ ಸಿಟ್ಟಿಗೆದ್ದು ಅಷ್ಟನ್ನೂ ಬೆಟ್ಟದಿಂದ ಕೆಳಕ್ಕೆ ಉರುಳಿಸಿಬಿಟ್ಟರು. ಗಟ್ಟಿ ಬ್ರೆಡ್ಡು ನೋಡಿ, ಕಲ್ಲಿನ ಹಾಗೆ ಪುಟಿದು ಪುಟಿದು ಕಣಿವೆಗೆ ಹೋಯಿತು. ನಾಯಿಗಳು ಹಿಂದೆ ಓಡಿದವು.

"ಅಪ್ಪ ಅವತ್ತು ಬರೀ ಬುಟ್ಟಿ ತಗೊಂಡ್ ಮನೇಗ್ ಬಂದ ಕಣವ್ವ. ಮಾರ್ನೇ ವಾರ ಸೈಕಲ್ ತಿರುಗಿಸ್ದ. ಆ ಕಡೆಯಿಂದ ಓದ್ರೆ ಶುರುವಾಗ್ತಿದ್ದಂಗೇ ಗೋಡೆಯಂಥ ದಿಣ್ಣೆ. ಬುಟ್ಟಿ ತುಂಬ ಭಾರ. ನಾನು ಹಿಂದಿನಿಂದ ತಳ್ಳೀ ತಳ್ಳೀ ಅತ್ತಿದೀನಿ. ಯಾಕಪ್ಪಾ ಈ ಕರ್ಮ ಅಂದ್ರೆ, ನ್ಯಾಯ ಅಂದ್ರೆ ಮೀನಖಂಡ ನೋಯುತ್ತೆ, ತಳ್ಳು ಅನ್ನೋನು."

ನಮ್ಮಲ್ಲಿ ಬ್ರೆಡ್ಡು ಉರುಳಿಸಲು ಬೆಟ್ಟ ಇರಲಿಲ್ಲ. ಆದರೆ ನಮ್ಮ ಭಾವನವರಿದ್ದರು.

ನನ್ನ ಗಂಡನ ಅಣ್ಣ. ಊರಿಗೆ ದೊಡ್ಡ ಗೌಡರು. ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದರು, ಇಷ್ಟಪಟ್ಟೇ ತಿನ್ನುತ್ತಿದ್ದರು. ಎಡದ ವಾರ ಅವರ ಮನೆಯೇ ಮೊದಲು. ಬಲದ ವಾರ ಅವರ ಮನೆಯೇ ಕೊನೆ. ಈ ಲೆಕ್ಕ ಅವರಿಗೆ ಗೊತ್ತಾದದ್ದು ತಡವಾಗಿ. ಗೊತ್ತಾದ ದಿನ ಮಲಗಿದಲ್ಲಿಂದಲೇ ಗುಡುಗಿದರು.

"ಮೊದ್ಲು ಕಾಲೋನಿಗ್ ಕೊಟ್ಟು, ಅಲ್ಲಿ ಉಳಿದಿದ್ದು ನಮಗಾ? ತಗೊಂಡೋಗು!"

ಬ್ರೆಡ್ಡಮ್ಮ ವಾದ ಮಾಡಲಿಲ್ಲ. ಅವರ ಹಾಸಿಗೆ ಪಕ್ಕದ ಕಿಟಕಿಯ ಕಟ್ಟೆ ಮೇಲೆ ಬ್ರೆಡ್ಡು ಇಟ್ಟರು.

"ಇಟ್ಟಿದೀನಿ ಗೌಡ್ರೇ. ತಿಂದ್ರೆ ನಿಮ್ಮೊಟ್ಟೆಗೆ. ತಿನ್ನದಿದ್ರೆ ಕಾಗೆ ಒಟ್ಟೆಗೆ."

"ಕಾಗೇನೇ ತಿನ್ಲಿ!"

ಆಮೇಲೆ ಪ್ರತಿ ಬಲದ ವಾರವೂ ಅದೇ. ಅವರು ಬೈಯುವುದು, ಇವರು ಕಟ್ಟೆ ಮೇಲೆ ಇಟ್ಟು ಹೋಗುವುದು. ಮಧ್ಯಾಹ್ನ ನಾನು ಮನೆಗೆ ಹೋಗುವಾಗ ನೋಡುತ್ತಿದ್ದೆ. ಕಟ್ಟೆ ಮೇಲೆ ಬ್ರೆಡ್ಡಿನ ಅಂಚುಗಳು ಮಾತ್ರ ಉಳಿದಿರುತ್ತಿದ್ದವು. ಒಳಗಿನ ಮೆತ್ತನೆಯದು ಖಾಲಿ. ನಮ್ಮೂರ ಕಾಗೆಗಳಿಗೆ ಕೊಕ್ಕಿದೆ, ಗಟ್ಟಿ ಅಂಚು ಬಿಡುವ ಗತಿ ಅವಕ್ಕೆ ಬಂದಿರಲಿಲ್ಲ. ಬ್ರೆಡ್ಡಮ್ಮನಿಗೆ ಹೇಳಿದೆ. ಅವರು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಕ್ಕರು. ಆದರೆ ಭಾವನವರ ಮುಂದೆ ಯಾವತ್ತೂ ತೋರಿಸಿಕೊಳ್ಳಲಿಲ್ಲ. "ಕಾಗೆಗೆ ಆಲು ಬೇಕೇನೋ, ಒಂದ್ ಬಟ್ಲು ಮಡಗಿರಿ" ಅಂತ ಅವರ ಸೊಸೆಗೆ ಹೇಳಿ ಬಂದರು, ಅಷ್ಟೇ.

ಏರಿಯಿಂದ ಬಿದ್ದ ವಿಷಯಕ್ಕೆ ಬರುತ್ತೇನೆ. ಮಣಿಕಟ್ಟು ಮುರಿಯಿತು. ಸೈಕಲ್ ತುಳಿಯುವುದು ಇನ್ನು ಬೇಡ ಅಂತ ದೊಡ್ಡ ಸಿಸ್ಟರ್ ಹೇಳಿಬಿಟ್ಟರು. ಅವರು ಆ ಮನೆಯ ಯಜಮಾನಿ, ಮಂಗಳೂರಿನವರು, ಒಳ್ಳೆಯವರೇ, ಆದರೆ ಮಾತು ಅಂದರೆ ಮಾತು. ಬ್ರೆಡ್ಡಮ್ಮ, ತುಳಿಯಾಕಿಲ್ಲ, ನಡ್ಕೊಂಡ್ ಓಯ್ತೀನಿ ಅಂದರು. ಬುಟ್ಟಿ ಹೊರುವವರು ಯಾರು? ಸೈಕಲ್ಲೇ ಹೊರಬೇಕು. ಸೈಕಲ್ ತಳ್ಳುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು.

ಹೀಗೆ ಎರಡು ಮಳೆಗಾಲ ನಾನು ಬ್ರೆಡ್ಡಿನ ಸೈಕಲ್ ತಳ್ಳಿದೆ. ನಾನು ಸೈಕಲ್ ಹಿಡಿದು ಮುಂದೆ, ಅವರು ಕೋಲು ಹಿಡಿದು ಪಕ್ಕಕ್ಕೆ. ತುಳಿಯುವುದನ್ನು ಕಲಿಸುತ್ತೇನೆ ಅಂತ ಒಂದು ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋದರು. ನಾನು ಲಂಟಾನ ಪೊದೆಯೊಳಗೆ ನುಗ್ಗಿದೆ. ಸೀರೆ ಹರಿಯಿತು. ಅಲ್ಲಿಗೆ ಸಾಕು. ಊರಿನವರಿಗಂತೂ ಹಬ್ಬ. ನಮ್ಮ ವಾರಗಿತ್ತಿ, ಭಾವನವರ ಹೆಂಡತಿ, ಜಗುಲಿ ಮೇಲೆ ಕೂತು ಕೂಗುತ್ತಿದ್ದರು.

"ಏನಮ್ಮಾ, ಅಸು ಮಾರ್ಬುಟ್ಟು ಈಗ ಸೈಕಲ್ ಮೇಯ್ಸಕ್ ಒಂಟಿದೀಯಾ?"

"ಊಂ ಕಣಕ್ಕ. ಇದು ಸಗಣಿ ಆಕಲ್ಲ, ಬಾಚೋ ಕೆಲ್ಸ ಇಲ್ಲ" ಅಂದು ಮುಂದೆ ಹೋಗುತ್ತಿದ್ದೆ.

ನಡೆಯುವಾಗಲೇ ಅವರ ಏಳೂರು ನನಗೆ ಪೂರ್ತಿಯಾಗಿ ಸಿಕ್ಕಿದ್ದು. ಊರಿನ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ, ಅದಕ್ಕೆ ನಾನೇ ಹೆಸರಿಟ್ಟುಕೊಂಡೆ. ಮೊದಲನೆಯದು ಅವರ ಊರು, ಒಲೆಯೂರು. ಎರಡನೆಯದು ಗೋಪುರದೂರು. ಅಲ್ಲಿ ಹಿಂದೆ ಎರಡು ಮನೆತನದವರು ನಿನಗಿಂತ ನಾನು ಎತ್ತರ ಅಂತ ಪೈಪೋಟಿಯಲ್ಲಿ ಕಲ್ಲಿನ ಗೋಪುರ ಕಟ್ಟುತ್ತಾ ಹೋದರು. ಒಂದು ಬಿತ್ತು, ಇನ್ನೊಂದು ಸೊಟ್ಟಗಾಗಿ ನಿಂತಿದೆ. ಮೂರನೆಯದು ಬಾವಿಯೂರು. ಊರಿಗೆಲ್ಲ ಒಂದೇ ಬಾವಿ, ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಇಳಿಯುವಷ್ಟು ಆಳ ಗೀರು. ನಾಲ್ಕನೆಯದು ಗಾಳಿಯೂರು. ಅಲ್ಲಿ ಹೆಂಚಿನ ಮೇಲೆ ಕಲ್ಲು ಹೇರಬೇಕು. ಐದನೆಯದು ಗಂಟೆಯೂರು. ಆ ಊರಿನ ಗಂಟೆಯನ್ನು ಬಾವಿಯೂರಿನವರು ಯಾವುದೋ ಕಾಲದಲ್ಲಿ ಕದ್ದಿದ್ದರಂತೆ. ಇವರು ವಾಪಸ್ ಕದ್ದು ತಂದರಂತೆ. ಅವತ್ತಿಂದ ಎರಡೂ ಊರಿಗೆ ಮಾತಿಲ್ಲ. ಹೆಣ್ಣು ಕೊಡುವುದಿದ್ದರೂ ಸಾವಿನ ಸುದ್ದಿ ಹೇಳುವುದಿದ್ದರೂ ಬ್ರೆಡ್ಡಿನವನ ಬಾಯಲ್ಲೇ. ಆರನೆಯದು ಮೆಟ್ಟಿಲೂರು, ರಸ್ತೆಯೇ ಇಲ್ಲ, ಬರೀ ಮೆಟ್ಟಿಲು. ಅವರಪ್ಪ ಸೈಕಲ್ಲನ್ನು ಕೆಳಗೆ ಒಂದು ಮರಕ್ಕೆ ಒರಗಿಸಿ, ಬುಟ್ಟಿ ಹೊತ್ತು ಮೇಲೆ ಹತ್ತುತ್ತಿದ್ದ. ಏಳನೆಯದು ಬಾಗಿಲೂರು. ಸುತ್ತ ಕೋಟೆ, ಒಂದೇ ಬಾಗಿಲು. ಬ್ರೆಡ್ಡು ಉರುಳಿಸಿದವರು ಅವರೇ.

"ಇದ್ರಾಗೆ ನಮ್ಮೂರು ಯಾವ್ದಕ್ಕೆ ಓಲುತ್ತೆ?" ಅಂತ ಕೇಳಿದೆ.

"ನಿಮ್ಮೂರಾ? ಗಂಟೆಯೂರು. ಬರೀ ಜಗಳ."

"ಈ ಏರಿ?"

"ಗಾಳಿಯೂರು. ಆದ್ರೆ ಇದು ಬೆಟ್ಟ ಅಲ್ಲ ಕಣವ್ವ, ಬೆಟ್ಟದ ಮರಿ."

ಶನಿವಾರ ಬೆಳಿಗ್ಗೆ ಏರಿಯ ಮೇಲೆ ಹೊಸ ಅಪಾರ್ಟ್‌ಮೆಂಟಿನ ಹುಡುಗರು ಸೈಕಲ್ ತುಳಿಯಲು ಬರುತ್ತಿದ್ದರು. ತಲೆಗೆ ಟೋಪಿ, ಮೈಗೆ ಅಂಟಿದ ಬಟ್ಟೆ, ಗಾಳಿಗಿಂತ ತೆಳ್ಳಗಿನ ಸೈಕಲ್ಲು. ಬ್ರೆಡ್ಡಮ್ಮ ಕೋಲು ಅಡ್ಡ ಹಿಡಿದು ಒಬ್ಬನನ್ನು ನಿಲ್ಲಿಸಿದರು.

"ಬುಟ್ಟಿ ಎಲ್ಲಪ್ಪಾ?"

"ಬುಟ್ಟಿ ಯಾಕೆ ಆಂಟಿ? ಇದು ಸ್ಪೋರ್ಟ್ಸ್ ಬೈಕು."

"ಅಂಗಾದ್ರೆ ಯಾರಿಗೂ ಏನೂ ತಗೊಂಡೋಗ್ತಿಲ್ವಾ? ಸುಮ್ನೆ ಓಗಿ ಸುಮ್ನೆ ಬತ್ತೀಯಾ?"

ಒಂದು ಬ್ರೆಡ್ಡು ಅವನ ಕೈಗೆ ಕೊಟ್ಟು, "ಇದ್ನ ಸಂಪಿಗೇಹಳ್ಳಿ ಮೊದ್ಲನೇ ಮನೇಲಿ ಕೊಟ್ಬುಡು. ನಾವು ನಡ್ಕೊಂಡ್ ಬರೋ ವೊತ್ಗೆ ತಣ್ಣಗಾಯ್ತದೆ" ಅಂದರು. ಪಾಪ, ಕೊಟ್ಟು ಹೋಗಿದ್ದ. ನಾವು ಹೋಗಿ ವಿಚಾರಿಸಿದೆವು.

ಒಂದು ದಿನ ಅದೇ ಏರಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ, ತಾವು ಸಿಸ್ಟರ್ ಆಗಲು ಹೊರಟ ದಿನದ ಕಥೆ ಹೇಳಿದರು. ಹತ್ತೊಂಬತ್ತು ವಯಸ್ಸು. ಅವತ್ತೂ ಅಪ್ಪನ ಸೈಕಲ್ ತಳ್ಳುತ್ತಲೇ ಹೊರಟಿದ್ದರು. ಸಿಸ್ಟರ್‌ಗಳ ಕಡೆಯ ಬಸ್ಸು ಗಂಟೆಯೂರಿನಲ್ಲಿ ನಿಂತಿತ್ತು. ಐದನೇ ಊರು. ಅಲ್ಲೇ ಹತ್ತಿಕೊಂಡರು. ಅಪ್ಪ ಒಬ್ಬನೇ ಸೈಕಲ್ ಹಿಡಿದು ಮುಂದಿನ ಊರಿಗೆ ಹೋದ. ಇವರು ನಮ್ಮ ದೇಶಕ್ಕೆ ಬಂದ ಮೇಲೆ ಅಪ್ಪ ತೀರಿಕೊಂಡ. ಆ ಬೆಟ್ಟಕ್ಕೆ ಮತ್ತೆ ಹೋಗಲಿಲ್ಲ.

"ಎಲ್ಡೂರು ಬಾಕಿ ಅದೆ ಕಣವ್ವ ನಂಗೆ" ಅಂದರು. "ಮೆಟ್ಲೂರು, ಬಾಗ್ಲೂರು. ಅವತ್ತಿನ ಸುತ್ತು ಇನ್ನೂ ಮುಗ್ದಿಲ್ಲ."

"ಎಪ್ಪತ್ತು ದಾಟಿದ್ರೂ ಅದೇ ಯೋಚ್ನೆನಾ? ಬುಡಿ ಅತ್ಲಾಗೆ" ಅಂದೆ.

ಅವರು ನನ್ನನ್ನು ಒಂದು ಥರ ನೋಡಿದರು. "ನಂಗೆಲ್ಡು ಬಾಕಿ. ನಿಂಗೊಂದು" ಅಂದು ಎದ್ದು ನಡೆದರು.

ನನಗೆ ಯಾವುದು ಬಾಕಿ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು. ಕಾಲೋನಿಯ ಬಾಯಲ್ಲಿ ಒಂದು ಹೊಂಗೆ ಮರ. ನಾನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಲ್ಲುತ್ತಿದ್ದೆ. ಅವರು ಬ್ರೆಡ್ಡು ತೆಗೆದುಕೊಂಡು ಒಳಗೆ ಹೋಗಿ ಕೊಟ್ಟು ಬರುತ್ತಿದ್ದರು. ನಾವು ಗೌಡರ ಮನೆಯವರು ಒಳಗೆ ಹೋಗುವ ರೂಢಿ ಇರಲಿಲ್ಲ. ಹೋಗಬಾರದು ಅಂತ ಯಾರೂ ಹೇಳಿಯೂ ಇರಲಿಲ್ಲ, ಹೇಳಬೇಕಾಗಿರಲಿಲ್ಲ. ಬ್ರೆಡ್ಡಮ್ಮನೂ ಒಳಗೆ ಬಾ ಅಂತ ಒಂದು ದಿನವೂ ಕರೆಯಲಿಲ್ಲ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಸಿಸ್ಟರ್ ಅಡುಗೆಮನೆಗೆ ಬಂದರು. ವಯಸ್ಸಾಯಿತು, ಇನ್ನು ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಅಂದರು.

"ಸುತ್ತು?" ಬ್ರೆಡ್ಡಮ್ಮ ಕೇಳಿದರು.

"ಸುತ್ತು ನಿಲ್ಲಿಸೋಣ. ನಮ್ಮಲ್ಲಿ ಯಾರಿಗೂ ಬಿಡುವಿಲ್ಲ. ಬೇಕಾದವರು ಇಲ್ಲಿಗೆ ಬಂದು ತಗೊಂಡು ಹೋಗಲಿ."

"ಆಸ್ಗೆ ಮೇಲ್ ಇರೋರು ಎಂಗ್ ಬತ್ತಾರೆ?"

ದೊಡ್ಡ ಸಿಸ್ಟರ್‌ಗೂ ಬೇಸರ ಇತ್ತು, ಮುಖದಲ್ಲಿ ಕಾಣಿಸಿತು. ಬೇರೆ ಯಾರಾದರೂ ಹೊತ್ತುಕೊಂಡರೆ ನನ್ನದೇನೂ ಅಡ್ಡಿಯಿಲ್ಲ ಅಂದು ಹೋದರು.

ಬ್ರೆಡ್ಡಮ್ಮ ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತರು.

"ಒಲೆ ನಿಂಗ್ ಬತ್ತದೆ. ದಾರಿ ನಿಂಗ್ ಬತ್ತದೆ. ಮಾಡ್ತೀಯಾ?"

"ಇಲ್ಲ."

"ಯಾಕೆ?"

"ಮೊಣಕಾಲು."

"ಸುಳ್ಳು."

"ನಮ್ಮೋರು ನಗ್ತಾರೆ."

"ಈಗ್ಲೂ ನಗ್ತಾವ್ರೆ."

ನಾನು ಒಲೆ ಕೆದಕಿದೆ. ಕೆದಕುವಂಥದ್ದೇನೂ ಇರಲಿಲ್ಲ. "ಎಡದ್ ವಾರ ಬೇಕಾದ್ರೆ ಮಾಡ್ತೀನಿ. ಸಂಪಿಗೇಹಳ್ಳೀಗಂಟ ಓಗಿ ವಾಪಸ್ ಬಂದ್ಬುಡ್ತೀನಿ. ಬಲದ್ದು ನನ್ ಕೈಲಾಗಲ್ಲ."

"ಅರ್ಧ ಸುತ್ತಿದ್ರೆ ಅದು ಸುತ್ತಲ್ಲ ಕಣವ್ವ."

"ಅಂಗಾದ್ರೆ ನಿಲ್ಲಲಿ. ನೀವು ಓಗಿ ನಿಮ್ಮೆಲ್ಡೂರು ಮುಗಿಸ್ಕೊಳ್ಳಿ. ಬ್ರೆಡ್ ಇಲ್ದಿದ್ರೆ ಇಲ್ಯಾರೂ ಸಾಯಲ್ಲ."

"ಸಾಯಾಕಿಲ್ಲ" ಅಂದರು. "ಅದೇ ಕಷ್ಟ. ಬದ್ಕಿರ್ತಾರೆ. ಬೆಳಿಗ್ಗೆ ಬಾಗ್ಲು ನೋಡ್ತಿರ್ತಾರೆ."

ಆಮೇಲೆ ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವ ದಿನದವರೆಗೂ ಸುತ್ತು ನಡೆಯಿತು. ಬ್ರೆಡ್ಡಮ್ಮ ಯಾರ ಮನೆಯಲ್ಲೂ ಊರಿಗೆ ಹೋಗುತ್ತೇನೆ ಅಂತ ಹೇಳಲಿಲ್ಲ. ಹೇಳಿದರೆ ಬ್ರೆಡ್ಡು ಯಾರು ತರುತ್ತಾರೆ ಅಂತ ಕೇಳುತ್ತಾರೆ, ಅದಕ್ಕೆ ಉತ್ತರ ಇಲ್ಲ.

ಅವರ ಎರಡೂರು ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೋದ ಮಾರನೇ ವರ್ಷ ಒಬ್ಬರು ಸಿಸ್ಟರ್ ಫೋನಿನಲ್ಲಿ ಅವರ ಮುಖ ತೋರಿಸಿದರು. ಇಳಿದುಹೋಗಿದ್ದರು, ಆದರೆ ಬಾಯಿ ಹಾಗೇ ಇತ್ತು. ಅವರ ತಮ್ಮನ ಮಗಳು ಕಾರಿನಲ್ಲಿ ಏಳೂರನ್ನೂ ಸುತ್ತಿಸಿದಳಂತೆ. ಮೆಟ್ಟಿಲೂರಿನಲ್ಲಿ ಮೇಲೆ ಹತ್ತಲಾಗಲಿಲ್ಲ, ಮರದ ಕೆಳಗೆ ಕೂತಿದ್ದರು. ಬಾಗಿಲೂರಿನ ಬಾಗಿಲು ಈಗ ಮುಚ್ಚುವುದೇ ಇಲ್ಲವಂತೆ. ಪಕ್ಕದಲ್ಲೇ ಹೋಟೆಲ್. ಎಲ್ಲೆಲ್ಲಿಂದಲೋ ಜನ ಬಂದು ಆ ಸುತ್ತನ್ನು ಸೈಕಲ್ಲಿನಲ್ಲಿ ಮೋಜಿಗೆ ಸುತ್ತುತ್ತಾರಂತೆ, ಹಳೇ ಕಲ್ಲು ನೋಡಿ ಫೋಟೋ ತೆಗೆಯುತ್ತಾರಂತೆ.

"ಒಬ್ರತ್ರಾನೂ ಬುಟ್ಟಿ ಇಲ್ಲ ಕಣವ್ವ!" ಅಂದರು.

"ನಿಮ್ ಸುತ್ತು ಮುಗೀತಲ್ಲ, ಸಾಕು ಬುಡಿ."

"ಮುಗೀತು. ಆದ್ರೆ ಬರಿಗೈಲಿ ಓದೆ" ಅಂದರು. ಆ ಕಡೆ ಯಾರೋ ಫೋನು ಇಸಿದುಕೊಂಡರು.

ಈಗ ಭಾವನವರೂ ಇಲ್ಲ, ಸಿಸ್ಟರ್‌ಗಳ ಹೆಂಚಿನ ಮನೆಯೂ ಇಲ್ಲ. ಏರಿಗೆ ಬೇಲಿ ಹಾಕಿ, ಕಲ್ಲು ಹಾಸಿ, ವಾಕಿಂಗ್ ದಾರಿ ಮಾಡಿದ್ದಾರೆ. ಒಲೆಯ ಇಟ್ಟಿಗೆ ಯಾರೋ ಹೊತ್ತುಕೊಂಡು ಹೋದರು. ನನ್ನ ಮೊಣಕಾಲು ಈಗ ನಿಜವಾಗಿಯೂ ನೋಯುತ್ತದೆ. ಅದಿರಲಿ.

ಅವರು ಹೊರಟದ್ದು ಒಂದು ಭಾನುವಾರ ಮಧ್ಯಾಹ್ನ. ಏರ್‌ಪೋರ್ಟು ಹತ್ತಿರವೇ, ಆದರೂ ದೊಡ್ಡ ಸಿಸ್ಟರ್ ಅವಸರ ಮಾಡುತ್ತಿದ್ದರು. ಒಂದು ಸಣ್ಣ ಪೆಟ್ಟಿಗೆ, ಅಷ್ಟೇ ಸಾಮಾನು. ನಲವತ್ತು ವರ್ಷಕ್ಕೆ ಅಷ್ಟೇನಾ ಅಂತ ನನಗೆ ಅನ್ನಿಸಿತು. ಅಡುಗೆಮನೆಗೆ ಬಂದು ಹಿಟ್ಟಿನ ಗಡಿಗೆಯ ಬಟ್ಟೆ ಎತ್ತಿ ನೋಡಿದರು. ಮರುದಿನಕ್ಕೆ ಬೇಕಾದ ಹುಳಿಹಿಟ್ಟು ಅವರೇ ಕಲಸಿಟ್ಟಿದ್ದರು, ರೂಢಿಯ ಹಾಗೆ. ನನ್ನನ್ನು ನೋಡಿದರು. ನಾನು ಪಾತ್ರೆ ಉಜ್ಜುತ್ತಿದ್ದೆ. ಅವರು ಬಂದು ಕೂದಲು ನೇವರಿಸಿದ್ದರೆ ನಾನು ಕೈ ತಳ್ಳುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು.

"ಓಗ್ಬತ್ತೀನಿ ಕಣವ್ವ."

"ಊಂ. ಉಷಾರು. ಅಲ್ಲೂ ಬೀಳ್ಬೇಡಿ."

ಕಾರು ಹೋಯಿತು. ಪಾತ್ರೆ ಮುಗಿಸಿ, ಸಂಜೆ ಮನೆಗೆ ಹೊರಟೆ. ಗೇಟಿನ ಒಳಗೆ ಸೈಕಲ್ ನಿಂತಿತ್ತು. ಚೈನಿಗೆ ಎಣ್ಣೆ ಬಿಟ್ಟಿದ್ದರು. ಬುಟ್ಟಿಯೊಳಗೆ ಒಗೆದ ಬಟ್ಟೆ ಮಡಿಸಿಟ್ಟಿದ್ದರು. ಮುಂದಿನ ಚಕ್ರ ಬಲಕ್ಕೆ ತಿರುಗಿತ್ತು.

ನಾನು ಬೈದೆ. ಯಾರೂ ಇರಲಿಲ್ಲ, ಸೈಕಲ್ಲಿಗೇ ಬೈದೆ. ಚಕ್ರ ನೆಟ್ಟಗೆ ಮಾಡಿ ಹೋಗೋಣ ಅಂತ ಹ್ಯಾಂಡಲ್ ಹಿಡಿದೆ. ಮಾಡಲಿಲ್ಲ, ಹಾಗೇ ಬಿಟ್ಟು ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ನಾಲ್ಕಕ್ಕೆ ಹೋಗಿ ಒಲೆ ಹಚ್ಚಿದೆ. ಹಿಟ್ಟು ಚೆನ್ನಾಗಿ ಹುದುಗಿತ್ತು. ಎರಡು ಬ್ರೆಡ್ಡು ಕರಿದಾದವು, ಉಳಿದದ್ದು ಪರವಾಗಿಲ್ಲ. ದೊಡ್ಡ ಸಿಸ್ಟರ್ ಪ್ರಾರ್ಥನೆಗೆ ಎದ್ದು ಬಂದವರು ಬುಟ್ಟಿ ನೋಡಿ ನಿಂತರು.

"ಊರಿನ ಕಡೆಯಿಂದ ಹೋಗಿ, ದಿಣ್ಣೆ ಇರೋದಿಲ್ಲ" ಅಂದರು.

"ಇದು ಬಲದ್ ವಾರ" ಅಂದೆ.

ಗೇಟು ದಾಟಿ ಬಲಕ್ಕೆ ತಿರುಗಿದೆ. ಹೊಂಗೆ ಮರದವರೆಗೂ ಕಾಲು ಅದರ ಪಾಡಿಗೆ ಅದು ನಡೆಯಿತು. ಅಲ್ಲಿ ನಿಂತಿತು. ಬುಟ್ಟಿಯಿಂದ ಹಬೆ ಏಳುತ್ತಿತ್ತು. ನಿಂತಷ್ಟೂ ಆರುತ್ತದೆ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಬ್ರೆಡ್ಡನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಇಟ್ಟುಕೊಂಡು ಒಳಗೆ ನಡೆದೆ.

ಮೊದಲನೇ ಮನೆ ಕೆಂಚಮ್ಮನದು. ಎರಡೂ ಕಣ್ಣಿಲ್ಲದ ಮುದುಕಿ, ಹೊಸಿಲ ಮೇಲೆ ಕೂತಿದ್ದಳು. ಬ್ರೆಡ್ಡಮ್ಮ ದಿನಾ ಬಂದು ಅವಳ ಸುದ್ದಿ ಹೇಳುತ್ತಿದ್ದುದರಿಂದ ಹೆಸರು ಗೊತ್ತಿತ್ತು, ಮುಖ ನೋಡಿದ್ದು ಅವತ್ತೇ.

"ಯಾರು?"

"ಬ್ರೆಡ್ಡು."

ಕೈ ಚಾಚಿದಳು. ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಂಡಳು. "ಬಿಸಿ ಅದೆ. ಬಲದ್ ವಾರ" ಅಂದಳು. ಆಮೇಲೆ ತಲೆ ಓರೆ ಮಾಡಿ ಕೇಳಿಸಿಕೊಂಡು, "ಅಮ್ಮ ಓದ್ರಾ?"

"ಓದ್ರು."

"ನೀನು ಮರದತ್ರ ನಿಂತ್ಕೊಳ್ಳೋಳಲ್ವಾ? ನಿನ್ ಕೆಮ್ಮು ಇಲ್ಲೀಗಂಟ ಕೇಳ್ಸೋದು."

"ಊಂ. ನಾನೇ."

"ದಿಣ್ಣೆ ಅತ್ಬೇಕು ನೀನಿನ್ನು. ಕೂತ್ಕೊ, ನೀರ್ ಕೊಡ್ತೀನಿ."

ಗೋಡೆ ಸವರಿಕೊಂಡು ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಕುಡಿದೆ. ಬೋರ್‌ವೆಲ್ ನೀರು, ಗಡಸು, ಬಾಯಿಗೆ ಉಪ್ಪುಪ್ಪು. ನಮ್ಮ ಮನೆಯದೂ ಅದೇ ನೀರು.

ಲೋಟ ಕೆಳಗಿಟ್ಟು, ಉಳಿದ ಮನೆಗಳಿಗೆ ಕೊಟ್ಟು, ಮರದ ಹತ್ತಿರ ಬಂದು ಬುಟ್ಟಿಗೆ ಬಟ್ಟೆ ಮುಚ್ಚಿದೆ. ಬಂದ ದಾರಿಗೆ ತಿರುಗಲಿಲ್ಲ. ಸಂಪಿಗೇಹಳ್ಳಿ ದಿಣ್ಣೆಯ ಕಡೆಗೆ ಸೈಕಲ್ ತಳ್ಳಿದೆ. ಭಾವನವರ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ಬ್ರೆಡ್ಡು ತಣ್ಣಗಾಗಿತ್ತು. ಕಿಟಕಿಯ ಕಟ್ಟೆ ಮೇಲೆ ಇಟ್ಟೆ.